ಹನ್ನೊಂದು ಸಲ ಸತ್ತ ಸುನಂದಕ್ಕ

ಸುನಂದಕ್ಕ ಸಾಯುವುದನ್ನು ನಾನು ಕಣ್ಣಾರೆ ಹನ್ನೊಂದು ಸಲ ನೋಡಿದ್ದೇನೆ. ನಮ್ಮೂರು ದೇವರಾಯಸಮುದ್ರದಲ್ಲೇ ನಾಲ್ಕು ಸಲ, ಮುಳಬಾಗಿಲಿನಲ್ಲಿ ಮೂರು ಸಲ, ಶ್ರೀನಿವಾಸಪುರದ ಕಡೆ ಎರಡು, ಕೋಲಾರದಲ್ಲಿ ಒಂದು, ಮಾಲೂರಿನಲ್ಲಿ ಒಂದು. ನಾನು ನೋಡದೆ ಸತ್ತಿರುವುದು ಇನ್ನೆಷ್ಟೋ. ಹನ್ನೊಂದು ಸಲವೂ ಅತ್ತಿದ್ದೇನೆ. ಮೊದಲ ಸಲ ಎಷ್ಟು ಅತ್ತೆನೆಂದರೆ, ನಾಟಕ ಮುಗಿದ ಮೇಲೆ ಅಮ್ಮ ನನ್ನನ್ನು ಪರದೆಯ ಹಿಂದಕ್ಕೆ ಎತ್ತಿಕೊಂಡು ಹೋಗಿ, "ನೋಡೇ, ಬದುಕವ್ರೆ, ಟೀ ಕುಡೀತವ್ರೆ" ಎಂದು ತೋರಿಸಬೇಕಾಯಿತು. ಅವತ್ತಿನಿಂದ ನಾನು ಅವರ ಅಭಿಮಾನಿ. ಹಾಗಾಗಿ ಇಲ್ಲಿ ಅವರ ಬಗ್ಗೆ ಕೆಟ್ಟ ಮಾತು ಒಂದೂ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಊರ ನಾಟಕ ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಗಂಡು ಪಾತ್ರಗಳನ್ನೆಲ್ಲ ಊರಿನವರೇ ಮಾಡುತ್ತಾರೆ. ರಾಗಿ ಒಕ್ಕಣೆ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿಕೊಂಡು ಮೂರು ನಾಲ್ಕು ತಿಂಗಳು ಸ್ಕೂಲಿನ ಜಗಲಿಯಲ್ಲಿ ಕೂತು ಮಾತು, ಹಾಡು ಎಲ್ಲ ಬಾಯಿಪಾಠ ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರಬೇಕು. ಅವರು ನಾಟಕದ ದಿನವೇ ಬಸ್ಸಿಳಿದು ಬರುತ್ತಾರೆ. ಪ್ರೀತಿಸಬೇಕಾದ ಹೀರೋನ ಮುಖ ಅವರಿಗೆ ಕಾಣುವುದೇ ಬಣ್ಣ ಹಚ್ಚಿಕೊಳ್ಳುವ ಹೊತ್ತಿನಲ್ಲಿ. ಸುನಂದಕ್ಕ ಒಳಗೆ ಹೋದವರೇ ಸುತ್ತ ನೋಡಿ, "ಇವತ್ತು ಯಾರಪ್ಪಾ ನಮ್ಮೆಜಮಾನ್ರು?" ಎಂದು ಕೇಳುತ್ತಿದ್ದರು. ಮೂಲೆಯಲ್ಲಿ ಮೀಸೆ ಅಂಟಿಸಿಕೊಳ್ಳುತ್ತಿದ್ದ ಯಾವನೋ ಒಬ್ಬ ಹಾಲಿನ ಡೇರಿ ಸೆಕ್ರೆಟರಿ ಕೈ ಎತ್ತುತ್ತಿದ್ದ.

ಸುನಂದಕ್ಕ ಮಾಡಿದ್ದೆಲ್ಲ ಪ್ರೀತಿಯ ನಾಟಕಗಳು, ಅದೂ ಕೈಗೂಡದ ಪ್ರೀತಿಯವು. ಇಂಥ ನಾಟಕದಲ್ಲಿ ಕೊನೆಗೆ ಯಾರಾದರೂ ಸಾಯದಿದ್ದರೆ ನಮ್ಮ ಜನಕ್ಕೆ ನಾಟಕ ನೋಡಿದ ಹಾಗೇ ಆಗುವುದಿಲ್ಲ. ಆದರೆ ಹೀರೋ ಊರಿನ ಹುಡುಗ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಅವನ ತಾಯಿ, ಹೆಂಡತಿ, ಅತ್ತೆ ಮನೆಯವರು ಕೂತಿರುತ್ತಾರೆ. ಅವರ ಎದುರಿಗೆ, ಅದೂ ಊರ ದೇವರ ಗುಡಿ ಮುಂದೆ, ಅವನು ಹೆಣವಾಗಿ ಮಲಗುವ ಹಾಗಿಲ್ಲ. ಹೆಂಡತಿ ಬಸುರಿಯಾಗಿದ್ದರಂತೂ ಆ ಮಾತೇ ಎತ್ತುವ ಹಾಗಿಲ್ಲ. ಆದ್ದರಿಂದ ಸಾಯುವುದು ಹೊರಗಿನಿಂದ ಬಂದವಳ ಪಾಲು. ಅವಳು ಸತ್ತರೆ ಊರಿಗೆ ಏನೂ ತಟ್ಟುವುದಿಲ್ಲ.

ಸಾಯುವುದು ಸುಲಭ, ಸತ್ತ ಮೇಲೆ ಮಲಗಿರುವುದೇ ಕಷ್ಟ ಎಂದು ಸುನಂದಕ್ಕ ಹೇಳುತ್ತಾರೆ. ಹೀರೋ ಹೆಣದ ಪಕ್ಕ ಕೂತು ಅಳುವ ಹಾಡು ಹಾಡುತ್ತಾನೆ. ಜನ ಒನ್ಸ್ ಮೋರ್ ಅನ್ನುತ್ತಾರೆ. ಅವನು ಮತ್ತೆ ಹಾಡುತ್ತಾನೆ. ನಡುವೆ ಮೈಕಿನಲ್ಲಿ, "ಈಗ ಹೀರೋ ಜಯಶೇಖರನ ಪಾತ್ರಧಾರಿಗೆ ಅವರ ಭಾವಮೈದುನರಿಂದ ಹೂವಿನ ಹಾರ" ಎಂದು ಕೂಗುತ್ತಾರೆ. ಭಾವಮೈದುನ ಸ್ಟೇಜ್ ಹತ್ತಿ, ಹೆಣ ದಾಟಿಕೊಂಡು ಹೋಗಿ ಹಾರ ಹಾಕಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾನೆ. ಆಮೇಲೆ ಇನ್ನೊಬ್ಬ. ಹೀರೋನ ಮುಖದ ಬಣ್ಣ ಬೆವರಲ್ಲಿ ಕರಗಿ ಸುನಂದಕ್ಕನ ಹಣೆ ಮೇಲೆ ತೊಟ್ಟಿಕ್ಕುತ್ತಿರುತ್ತದೆ.

"ಒಂದ್ಸಲ ಸೀನು ಬಂದ್ಬಿಡ್ತು ಕಣೇ," ಎಂದು ಅವರೇ ಹೇಳಿ ನಗುತ್ತಾರೆ. "ಸತ್ತೋಳು ಸೀನಿದ್ರೆ ಹೆಂಗೆ? ಹೀರೋ ಕೈಯ ಗಟ್ಟಿಯಾಗಿ ಚಿವುಟ್ದೆ. ಅವ್ನು ಅಯ್ಯೋ ಅಂತ ಚೀರ್ದ. ಜನ ಏನು ಅಂದ್ಕೊಂಡ್ರು ಗೊತ್ತಾ? ಎಂಥಾ ದುಃಖ ನೋಡಪ್ಪಾ ಈ ಹುಡುಗಂದು ಅಂತ!"

ಈಗ ಅವರಿಗೆ ಐವತ್ತೆರಡು. ಮುಳಬಾಗಿಲಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಇರುವ ಬಾಡಿಗೆ ಮನೆ. ಅವರ ಅಪ್ಪ ದೊಡ್ಡಮುನಿಯಪ್ಪ ನಾಟಕಗಳಿಗೆ ಪರದೆ ಕಟ್ಟುತ್ತಿದ್ದವರು. ಕಾಡಿನ ಪರದೆ, ಅರಮನೆ ಪರದೆ, ಕೆರೆಯ ಪರದೆ ಎಲ್ಲ ಸುರುಳಿ ಸುತ್ತಿಕೊಂಡು ಎತ್ತಿನ ಗಾಡಿಯಲ್ಲಿ ಊರೂರು ತಿರುಗುತ್ತಿದ್ದರು. ಆ ಸುರುಳಿಗಳ ಮೇಲೆ ಮಲಗಿ ಬೆಳೆದ ಹುಡುಗಿ ಹದಿನೇಳಕ್ಕೇ ಬಣ್ಣ ಹಚ್ಚಿದಳು. ಮದುವೆಯೂ ಆಗಿತ್ತು, ನಾಲ್ಕು ವರ್ಷ. ಅದರ ಬಗ್ಗೆ ಅವರು ಹೇಳುವುದಿಲ್ಲ, ನಾನೂ ಕೇಳಿಲ್ಲ. ಈಗ ಒಂದು ಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಾರೆ. ಹೀರೋಯಿನ್ ಪಾತ್ರ ನಿಂತು ಎಂಟು ವರ್ಷವಾಯಿತು. ಕರೆದರೆ ತಾಯಿ ಪಾತ್ರಕ್ಕೆ ಹೋಗುತ್ತಾರೆ.

ಇಷ್ಟು ವರ್ಷದಲ್ಲಿ ಅವರಿಗಿದ್ದ ಆಸೆ ಒಂದೇ, ಒಂದು ಹಾಡು. ಅದನ್ನು ಒಂದೇ ಒಂದು ಸಲ ಸ್ಟೇಜ್ ಮೇಲೆ ನಿಂತು ಹಾಡಬೇಕು ಅನ್ನುವುದು.

ಆವನಿಯ ವೆಂಕಟರಾಯಪ್ಪ ಮೇಷ್ಟ್ರು ಎಂದರೆ ಆಗ ನಾಲ್ಕೂ ತಾಲ್ಲೂಕಿಗೆ ಗೊತ್ತಿದ್ದ ಹಾರ್ಮೋನಿಯಂ. ಅವರು ತಾವೇ ಒಂದು ನಾಟಕ ಬರೆದರು, "ಕೆರೆಯಾಚೆಯ ಊರು" ಎಂದು. ಕೆರೆಯ ಈಚೆ ದಡದ ಮಂದಾರವಲ್ಲಿಗೂ ಆಚೆ ದಡದ ಜಯಶೇಖರನಿಗೂ ಪ್ರೀತಿ. ಎರಡೂ ಊರಿಗೆ ನೀರಿನ ಜಗಳ. ಜಯಶೇಖರ ಅಪ್ಪನ ಮಾತಿಗೆ ತಲೆಬಾಗಿ ಬೇರೆ ಹುಡುಗಿಯನ್ನು ಮದುವೆಯಾಗುತ್ತಾನೆ. ಮಂದಾರವಲ್ಲಿ ಒಬ್ಬಳೇ ಕೆರೆಗೆ ಬರುತ್ತಾಳೆ. ಈಗ ಬೀಳುತ್ತಾಳೆ ಎಂದು ಎಲ್ಲರೂ ಉಸಿರು ಬಿಗಿ ಹಿಡಿದಿರುವಾಗ ಅವಳು ಬಗ್ಗಿ ಮುಖ ತೊಳೆದುಕೊಂಡು, ಒಂದು ಹಾಡು ಹಾಡಿ, ಏರಿ ಮೇಲೆ ನಡೆದು ಹೋಗಿಬಿಡುತ್ತಾಳೆ. ಮೇಷ್ಟ್ರು ಬರೆದದ್ದು ಹೀಗೆ. ಹಾಡು ಶುರುವಾಗುವುದು ಹೀಗೆ:

ಮುಖವ ತೊಳೆದೆನು ಕೆರೆಯೇ, ನಿನ್ನಾಳ ನನಗೆ ಬೇಡ,
ಏರಿಯ ಮೇಲಿನ ದಾರಿ ಎಲ್ಲಿಗಾದರೂ ಹೋಗಲಿ ನೋಡ.

ಸುನಂದಕ್ಕನಿಗೆ ಆಗ ಹತ್ತೊಂಬತ್ತು. ಮೇಷ್ಟ್ರು ಅವರನ್ನು ಮನೆಗೆ ಕರೆಸಿಕೊಂಡು ಹದಿನೈದು ದಿನ ಆ ಹಾಡು ಕಲಿಸಿದರು. "ಇದು ನಿನ್ ಗಂಟ್ಲಿಗೇ ಅಂತ ಕೂರ್ಸಿರೋ ಮಟ್ಟು ಕಣಮ್ಮಾ. ಬೇರೆಯೋರ್ಗೆ ಹೇಳ್ಕೊಡಾಕೆ ಹೋಗ್ಬೇಡ" ಎಂದಿದ್ದರು. ಮಟ್ಟು ಎಂದರೆ ಹಾಡಿನ ಧಾಟಿ.

ಮೊದಲ ಪ್ರದರ್ಶನ ನಮ್ಮೂರಲ್ಲೇ. ಹೀರೋ ನಮ್ಮೂರಿನ ಪೆದ್ದಪ್ಪ. ಈಗ ಅವರಿಗೆ ಅರವತ್ತು, ಆಗ ಹೊಸದಾಗಿ ಮದುವೆಯಾಗಿದ್ದವರು. ಪ್ರಾಕ್ಟೀಸಿನ ಕೊನೆಯ ವಾರ ಪೆದ್ದಪ್ಪನಿಗೆ ಯೋಚನೆ ಹತ್ತಿತಂತೆ. ಅವತ್ತು ನಡೆದದ್ದನ್ನು ಅವರೇ ನನಗೆ ಹೇಳಿದ್ದು, ನಗುತ್ತಲೇ.

"ಮೇಷ್ಟ್ರೇ, ನಾನು ಈಯಮ್ಮನ್ನ ಬಿಟ್ಟು ಇನ್ನೊಬ್ಬಳ್ನ ಕಟ್ಕೊಂಡು ತೆಪ್ಪಗೆ ಹೋಗ್ಬಿಟ್ರೆ, ಊರಾಗೆ ಹೆಂಗೆ ತಲೆ ಎತ್ಕೊಂಡು ತಿರುಗ್ಲಿ?"

"ಲೇ, ನಾಟ್ಕ ಕಣೋ ಅದು."

"ನಾಟ್ಕ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ನಮ್ಮತ್ತೆ ಮನೆಯೋರ್ಗೆ ಗೊತ್ತಾ?"

"ಹಂಗಾದ್ರೆ ನೀನೇ ಕೆರೆಗೆ ಬಿದ್ದು ಸಾಯಿ. ಬರ್ದುಕೊಡ್ತೀನಿ."

ಅಷ್ಟು ಹೇಳಿದ್ದೇ ತಡ, ಜಗಲಿ ಕೆಳಗೆ ಕೂತಿದ್ದ ಪೆದ್ದಪ್ಪನ ತಾಯಿ ಅಶ್ವತ್ಥಮ್ಮ ಎದ್ದು ನಿಂತರಂತೆ. ಅವರಿಗೆ ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು. "ಮಾವಾಡು ಎಂದುಕಯ್ಯಾ ಚಾವಾಲ?" ನಮ್ಮ ಹುಡುಗ ಯಾಕಯ್ಯಾ ಸಾಯಬೇಕು ಎಂದು. ಆಮೇಲೆ ಮೇಷ್ಟ್ರಿಗೆ ಚೆನ್ನಾಗಿ ಅರ್ಥವಾಗಲಿ ಎಂದು ಕನ್ನಡದಲ್ಲಿ, "ಸಾಯಾಕೇ ಅಂತ ಕಾಸು ಕೊಟ್ಟು ಕರೆಸ್ತಿಲ್ವಾ ಆ ಹುಡ್ಗೀನ? ಅವ್ಳು ಸಾಯ್ಲಿ!"

ಮೇಷ್ಟ್ರು ಒಂದು ಸಂಜೆಯಲ್ಲಿ ಕೊನೆಯ ಸೀನು ಬದಲಾಯಿಸಿದರು. ಮಂದಾರವಲ್ಲಿ ಕೆರೆಗೆ ಬೀಳುತ್ತಾಳೆ. ಜಯಶೇಖರ ಮದುವೆ ಪೇಟ ಕಿತ್ತೆಸೆದು ಓಡಿ ಬಂದು ಅಳುತ್ತಾನೆ. ಅದಕ್ಕೊಂದು ಹಾಡು: "ಕೆರೆಯೇ, ನನ್ನವಳ ತಿರುಗಿ ಕೊಡು." ಈ ಅಳುವ ಹಾಡು ಹೇಗೆ ಹಿಡಿಯಿತೆಂದರೆ, ಆಮೇಲೆ ಯಾವ ಊರಿನವರು ಈ ನಾಟಕ ಆಡಿದರೂ ಅದಕ್ಕಾಗಿಯೇ ಆಡಿದರು. ಹೀರೋ ಪಾತ್ರಕ್ಕೆ ಜಗಳವಾಗುತ್ತಿದ್ದದ್ದೂ ಅದಕ್ಕೇ. ನಮ್ಮ ಕಡೆ ಆಟೋ ಡ್ರೈವರುಗಳೂ ಅದನ್ನು ಗುನುಗುತ್ತಿದ್ದರು.

ಸುನಂದಕ್ಕನಿಗೆ ಮೇಷ್ಟ್ರು ಹೇಳಿದ್ದಿಷ್ಟೇ: "ನಿನ್ ಹಾಡು ಎಲ್ಲೂ ಹೋಗಲ್ಲಮ್ಮ. ಇವತ್ತಲ್ದಿದ್ರೆ ನಾಳೆ ಹಾಡ್ತೀಯ."

ಪ್ರತಿ ಊರಿನಲ್ಲೂ ಅವರು ಬಣ್ಣ ಹಚ್ಚಿಕೊಳ್ಳುವಾಗ ಹೀರೋನನ್ನು ಕೇಳುತ್ತಿದ್ದರು, "ಇವತ್ತು ಬದುಕ್ಲಾ, ಸಾಯ್ಲಾ?" ಎಲ್ಲರೂ ತಮಾಷೆ ಎಂದುಕೊಳ್ಳುತ್ತಿದ್ದರು. "ಸಾಯಿ ತಾಯಿ, ನಮ್ಮ ಹಾಡು ಹೋಗುತ್ತೆ" ಅನ್ನುತ್ತಿದ್ದರು. ಹನ್ನೆರಡು ವರ್ಷ ಹೀಗೇ ಕಳೆಯಿತು. ಮನೆಯಲ್ಲಿ ಪಾತ್ರೆ ತೊಳೆಯುವಾಗ ಮಾತ್ರ ತಮ್ಮ ಹಾಡನ್ನು ತಪ್ಪದೆ ಹಾಡಿಕೊಳ್ಳುತ್ತಿದ್ದರಂತೆ.

ಆಮೇಲೆ ಯಲ್ದೂರಿನ ಮುರಳಿಮೋಹನ್ ಬಂದರು. ಮಾವಿನ ತೋಪಿನವರು, ಡಿಗ್ರಿ ಓದಿದವರು, ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಮೇಷ್ಟ್ರ ಹಳೆಯ ನೋಟ್ ಬುಕ್ಕಿನಲ್ಲಿ ಮೊದಲು ಬರೆದಿದ್ದ ಸೀನು ಓದಿ ಅವರಿಗೆ ಹುಚ್ಚೇ ಹಿಡಿಯಿತು. ಹೀರೋ ಒಬ್ಬ ಹೆಣ್ಣು ಪಾತ್ರಧಾರಿಯ ಮನೆಗೆ ಬಂದು ಪ್ರಾಕ್ಟೀಸು ಮಾಡುವುದು ನಮ್ಮ ಕಡೆ ಇಲ್ಲ. ಅವರು ಬಂದರು. ಒಂದು ತಿಂಗಳು, ವಾರಕ್ಕೆರಡು ಸಲ, ಬೈಕಿನಲ್ಲಿ, ಒಂದು ಸಲ ಬುಟ್ಟಿ ತುಂಬ ಬಾದಾಮಿ ಮಾವು ಇಟ್ಟುಕೊಂಡು. ಎದುರು ಮನೆಯವರು ಬಾಗಿಲಲ್ಲೇ ಕೂತು ನೋಡುತ್ತಿದ್ದರಂತೆ.

"ಈ ಸಲ ನೀವು ಸಾಯೋದು ಬೇಡ," ಎಂದರಂತೆ ಮುರಳಿಮೋಹನ್. "ನಾನು ಹೇಡಿಯಾಗಿ ಹೋಗ್ತೀನಿ, ಪರ್ವಾಗಿಲ್ಲ. ನೀವು ಹಾಡಿ."

"ನಿಮ್ಮೋರು ಸುಮ್ನೆ ಬಿಡ್ತಾರಾ?"

"ನನ್ನ ನೋಡಿ. ಹಿಡಿದಿದ್ದು ಬಿಡೋನ್ ತರ ಕಾಣ್ತೀನಾ?"

ಅವರ ಮೇಲೆ ಮನಸ್ಸಿತ್ತಾ ಅಕ್ಕಾ ಎಂದು ನಾನು ಒಂದು ಸಲ ಕೇಳಿಯೇಬಿಟ್ಟೆ. ಸುನಂದಕ್ಕ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಹಾಡಿನ್ ಮೇಲೆ ಇತ್ತು," ಎಂದರು. ಒಂದು ಕಲ್ಲು ಆರಿಸಿ ಎಸೆದು, "ಹಾಡು ಬೇರೆ, ಅವ್ರು ಬೇರೆ ಅಂತ ಆಗ ಗೊತ್ತಾಗ್ತಿರ್ಲಿಲ್ಲ ಬಿಡು" ಎಂದರು.

ಯಲ್ದೂರಿನ ಆ ನಾಟಕಕ್ಕೆ ಜನವೋ ಜನ. ಕೊನೆಯ ಸೀನು ಬಂತು. ಕೆರೆಯ ಪರದೆ ಇಳಿಯಿತು. ಜಯಶೇಖರ ಪೇಟ ಸುತ್ತಿಕೊಂಡು, ತಿರುಗಿ ನೋಡದೆ ಒಳಗೆ ಹೋದ. ಸುನಂದಕ್ಕ ಚೊಂಬಿನಲ್ಲಿ ಇಟ್ಟಿದ್ದ ನೀರಿನಿಂದ ಮುಖ ತೊಳೆದರು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದರು. ಹನ್ನೆರಡು ವರ್ಷ ಕಾದದ್ದಕ್ಕೆ ಇನ್ನು ಬಾಯಿ ತೆರೆಯುವುದಷ್ಟೇ ಬಾಕಿ.

ಜನಕ್ಕೆ ಈ ನಾಟಕ ಚೆನ್ನಾಗಿ ಗೊತ್ತಿತ್ತಲ್ಲ. ಹಿಂದಿನಿಂದ ಯಾರೋ ಕೂಗಿದರು, "ಬೀಳಮ್ಮೋ, ಬೇಗ ಬೀಳು!" ಇನ್ನೊಬ್ಬ, "ಏನ್ಲಾ ಇದು, ಮುಖ ತೊಳೀತವ್ಳೆ! ಮದ್ವೆಗೆ ಹೊರಟವ್ಳಾ?" ನಗು ಎದ್ದಿತು. ಮುಂದಿನ ಸಾಲಿನಲ್ಲಿ ಮುರಳಿಮೋಹನ್ ತಾಯಿ ರಾಮಲಕ್ಷ್ಮಮ್ಮ, ಅವರ ಪಕ್ಕದಲ್ಲಿ ಹೆಣ್ಣು ಕೊಡಬೇಕೆಂದು ಬಂದಿದ್ದವರು, ಅವರ ಮಡಿಲಲ್ಲಿ ಹೀರೋಗೆ ಹಾಕಲು ತಂದಿದ್ದ ಹಾರ. ಹಾರ ಹಾಕುವ ಸೀನೇ ಇಲ್ಲದೆ ನಾಟಕ ಮುಗಿಯುತ್ತಿತ್ತು.

ಆಗ ಮುರಳಿಮೋಹನ್ ಒಳಗಿನಿಂದ ಓಡಿ ಬಂದರು. ಪೇಟ ಕಿತ್ತೆಸೆದರು. ಮಂಡಿಯೂರಿ, ಎದುರಿಗೆ ನೆಟ್ಟಗೆ ನಿಂತಿದ್ದ ಹೆಂಗಸನ್ನು ನೋಡುತ್ತಾ ಹಾಡಿಬಿಟ್ಟರು: "ಕೆರೆಯೇ, ನನ್ನವಳ ತಿರುಗಿ ಕೊಡು!"

ಮೇಷ್ಟ್ರ ಕೈ ಒಂದು ಗಳಿಗೆ ನಿಂತಿತು. ಆದರೆ ಹಾಡುವವನು ಎಲ್ಲಿಗೆ ಹೋದರೆ ಹಾರ್ಮೋನಿಯಂ ಅಲ್ಲಿಗೆ ಹೋಗಬೇಕು. ಅದು ಅವರ ಕಸುಬು. ಕೈ ಹಿಂದೆಯೇ ಹೋಯಿತು. ಸುನಂದಕ್ಕ ಇನ್ನೂ ನಿಂತೇ ಇದ್ದರು. "ಇನ್ನೂ ನಿಂತವ್ಳಲ್ಲಪ್ಪೋ!" ಎಂದು ಜನ ಶಿಳ್ಳೆ ಹಾಕಿದರು. ಅವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕಣ್ಣಲ್ಲೇ ನೆಲ ತೋರಿಸಿದರು.

ಸುನಂದಕ್ಕ ಮಲಗಿದರು. ಬೀಳಲಿಲ್ಲ, ಹಾರಲಿಲ್ಲ, ಮನೆಯಲ್ಲಿ ಚಾಪೆ ಮೇಲೆ ಮಲಗುವ ಹಾಗೆ ಸೆರಗು ಸರಿಮಾಡಿಕೊಂಡು ಮಲಗಿದರು. ಕೆರೆಗೆ ಬಿದ್ದ ಸದ್ದಿಗೆಂದು ಪಕ್ಕದಲ್ಲಿ ಬಕೆಟ್ ನೀರು, ಕಲ್ಲು ಹಿಡಿದುಕೊಂಡು ಒಬ್ಬ ನಿಂತಿರುತ್ತಾನೆ. ಅಭ್ಯಾಸದಂತೆ ಅವತ್ತೂ ನಿಂತಿದ್ದ ಅವನಿಗೂ ಗಲಿಬಿಲಿಯಾಗಿತ್ತು. ಎಲ್ಲ ಆದ ಮೇಲೆ ನೆನಪಾಗಿ ದುಡುಂ ಎಂದು ಕಲ್ಲು ಹಾಕಿದ. ಜನ ಬಿದ್ದು ಬಿದ್ದು ನಕ್ಕರು. ಆದರೂ ಹಾಡಿಗೆ ಒನ್ಸ್ ಮೋರ್ ಬಂತು. ಹಾರವೂ ಬಿತ್ತು.

ನಾಟಕ ಮುಗಿದ ಮೇಲೆ ಮುರಳಿಮೋಹನ್ ಪರದೆ ಹಿಂದೆ ಬಂದು ನಿಂತರಂತೆ. "ಎದುರ್ಗೆ ನಮ್ಮೋರೆಲ್ಲಾ ಇದ್ರು ಸುನಂದಾ... ಏನಾಯ್ತೋ ನಂಗೇ ಗೊತ್ತಾಗ್ಲಿಲ್ಲ."

"ಪರ್ವಾಗಿಲ್ಲ ಬಿಡಿ. ಚೆನ್ನಾಗಿ ಹಾಡಿದ್ರಿ," ಎಂದರಂತೆ ಇವರು.

ಅವರು ಮತ್ತೆ ಮುಳಬಾಗಿಲಿಗೆ ಬರಲಿಲ್ಲ. ಸುನಂದಕ್ಕ ತಮ್ಮ ಹಾಡನ್ನು ಪಾತ್ರೆ ತೊಳೆಯುವಾಗಲೂ ಹಾಡಿಕೊಳ್ಳುವುದನ್ನು ನಿಲ್ಲಿಸಿದರು. ನಾಟಕ ಮಾತ್ರ ಬಿಡಲಿಲ್ಲ. ಇನ್ನೂ ಹದಿಮೂರು ವರ್ಷ ಅದೇ ಕೆರೆಗೆ ಬಿದ್ದರು. ನಾನು ನೋಡಿದ ಹನ್ನೊಂದು ಸಾವೂ ಈ ಲೆಕ್ಕದವು. ನಡುವೆ ಮೇಷ್ಟ್ರು ತೀರಿಕೊಂಡರು.

ಈಗ ಹೋದ ವರ್ಷದ ಮಾತು. ನಮ್ಮೂರ ಹುಡುಗರು "ಕೆರೆಯಾಚೆಯ ಊರು" ಮತ್ತೆ ಆಡೋಣ ಎಂದು ಹೊರಟರು. ರಾತ್ರಿ ಮೈಕಿಗೆ ಪರ್ಮಿಷನ್ ತಾಪತ್ರಯ, ಹಾಗಾಗಿ ಭಾನುವಾರ ಹಗಲು ನಾಟಕ. ಹೀರೋ ಪೆದ್ದಪ್ಪನ ಮಗ ನರೇಶ್, ಟೆಂಪೋದಲ್ಲಿ ಟೊಮೆಟೊ ಲೋಡು ಹೊಡೆಯುವವನು. ಹೀರೋಯಿನ್ ಮಾಲೂರಿನ ಶ್ರೀವಾಣಿ. ತಾಯಿ ಪಾತ್ರಕ್ಕೆ ಸುನಂದಕ್ಕ. ನಾಟಕಕ್ಕೆ ಎರಡು ವಾರ ಇದ್ದಾಗ ನರೇಶ್ ಕೈ ಮುಗಿದ.

"ಆ ಅಳೋ ಹಾಡು ನನ್ ಕೈಲಾಗಲ್ಲ ಕಣ್ರಪ್ಪಾ. ಮೇಲಕ್ಕೆ ಹೋದ್ರೆ ಗಂಟ್ಲು ಕಿತ್ಕೊಂಡ್ ಬರುತ್ತೆ. ಆಯಮ್ಮನ್ನ ಬದುಕಿಸ್ಬಿಡಿ, ನಾನು ಆರಾಮಾಗಿ ಮದ್ವೆ ಆಗಿ ಹೋಗ್ತೀನಿ."

ನಾವೆಲ್ಲ ಪೆದ್ದಪ್ಪನ ಮುಖ ನೋಡಿದೆವು. ಅವರು ತಾಂಬೂಲ ಉಗಿದು ಬಂದು, "ಬದುಕ್ಲಿ ಬಿಡ್ರೋ. ಈಗಿನ್ ಕಾಲ್ದಾಗೆ ಲವ್ವಿಗೋಸ್ಕರ ಯಾವಳು ಸಾಯ್ತಾಳೆ" ಎಂದುಬಿಟ್ಟರು!

ನನಗೆ ಕುಣಿಯುವ ಹಾಗಾಯಿತು. ಸಿಕ್ಕಿದ ಬಸ್ಸು ಹತ್ತಿ ಮುಳಬಾಗಿಲಿಗೆ ಓಡಿದೆ. ಸುನಂದಕ್ಕ ಸ್ಕೂಲಿನಿಂದ ಬಂದು ಕಾಲು ಚಾಚಿ ಕೂತಿದ್ದರು.

"ಅಕ್ಕಾ, ನಿಮ್ಮ ಹಾಡು! ನಿಮ್ಮ ಹಾಡು ಹಾಡಿಸ್ತಾರಂತೆ!"

"ಯಾರು ಹೇಳಿದ್ದು?"

"ಪೆದ್ದಪ್ಪನೇ."

"ಕುಡ್ದಿದ್ನಾ?"

"ಇಲ್ಲಕ್ಕಾ, ತಾಂಬೂಲ ಹಾಕಿದ್ರು ಅಷ್ಟೇ."

ಅವರು ಎದ್ದು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದರು. "ನಾನು ಹಾಡೋ ಹಂಗಿಲ್ವಲ್ಲೇ ಈಗ. ತಾಯಿ ನಾನು. ಆ ಮಾಲೂರು ಹುಡ್ಗಿ ಹಾಡ್ಬೇಕು." ಮತ್ತೆ ಕಾಲು ಚಾಚಿ ಕೂತು, "ಹಾಡ್ಲಿ. ನಾನು ಸ್ಟೇಜ್ ಪಕ್ಕದಲ್ಲಿ ನಿಂತ್ಕೊಂಡು ಕೇಳ್ತೀನಿ. ಅಷ್ಟಾದ್ರೂ ಆಗ್ಲಿ" ಎಂದರು.

ಶ್ರೀವಾಣಿಗೆ ಅಲ್ಲಿಂದಲೇ ಫೋನ್ ಹಾಕಿದೆವು. ಅವಳು ಅಲ್ಲಿ ಕುಣಿದದ್ದು ಇಲ್ಲಿಗೆ ಕೇಳಿಸಿತು. "ಸಾಯೋದು ಬೇಡ್ವಾ? ಅಕ್ಕಾ, ನೀವು ದೇವ್ರು! ಆ ಹಲಗೆ ಮೇಲೆ ಮಲ್ಕೊಂಡು ಮಲ್ಕೊಂಡು ನನ್ ಸೊಂಟ ಹೋಗೈತೆ. ಹಾಡು ವಾಟ್ಸಾಪಿಗೆ ಹಾಕ್ರಿ, ಎರಡು ದಿನ ಸಾಕು ನಂಗೆ."

ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಹಿಡಿದುಕೊಂಡೆ. ಸುನಂದಕ್ಕ ಕಣ್ಣು ಮುಚ್ಚಿದರು. "ಮುಖವ ತೊಳೆದೆನು..." ಎಷ್ಟು ಚೆನ್ನಾಗಿ ಎದ್ದಿತು ಗೊತ್ತಾ? "ಕೆರೆಯೇ" ಎಂದು ಎಳೆದರು. ಎಳೆದಂತೆ ಧಾಟಿ ತಿರುಗಿತು. ನನಗೂ ಗೊತ್ತಿರುವ, ಆಟೋದವರಿಗೂ ಗೊತ್ತಿರುವ ಧಾಟಿ. ಮಾತು ಮಂದಾರವಲ್ಲಿಯದು, ಮಟ್ಟು ಹೀರೋ ಅಳುವ ಹಾಡಿನದು.

"ತಡಿ, ತಡಿ," ಎಂದು ನಿಲ್ಲಿಸಿದರು. ಇನ್ನೊಂದು ಸಲ ಹಾಡಿದರು. ಅದೇ ಜಾಗದಲ್ಲಿ ಅದೇ ತಿರುವು. ಮೂರನೇ ಸಲ ನಿಧಾನವಾಗಿ, ಮಗುವಿಗೆ ಹೇಳಿಕೊಡುವ ಹಾಗೆ, ಒಂದೊಂದೇ ಅಕ್ಷರ ಹಿಡಿದು ಹೋದರು. "ಕೆರೆಯೇ"ಗೆ ಬಂದು ಬಾಯಿ ತೆರೆದುಕೊಂಡೇ ಕೂತರು, ಶಬ್ದ ಬರಲಿಲ್ಲ.

"ನೀನು ಹೊರಗೆ ಹೋಗು ಸ್ವಲ್ಪ," ಎಂದರು.

ನಾನು ಬಾಗಿಲ ಹೊರಗೆ ಕೂತೆ. ಅವರು ಪಾತ್ರೆಗಳನ್ನೆಲ್ಲ ಬಚ್ಚಲಿಗೆ ಹಾಕಿಕೊಂಡು ತೊಳೆಯುವ ಸದ್ದು ಕೇಳಿಸುತ್ತಿತ್ತು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು ಎಂದು ಕಾಣುತ್ತದೆ, ಅಷ್ಟು ಹೊತ್ತು. ನಡುನಡುವೆ ಹಾಡು. ಪ್ರತಿ ಸಲವೂ ಕೆರೆಯ ಹತ್ತಿರ ಬಂದು ಅಳುವಿಗೆ ತಿರುಗುತ್ತಿತ್ತು.

ಮರುದಿನ ಇಬ್ಬರೂ ಆವನಿಗೆ ಹೋದೆವು. ಮೇಷ್ಟ್ರ ಸೊಸೆ ಶಾಮಲಮ್ಮ ಟ್ರಂಕಿನಿಂದ ನೋಟ್ ಬುಕ್ ತೆಗೆದುಕೊಟ್ಟರು. ನಮ್ಮ ಕಡೆ ನಾಟಕದ ಹಾಡುಗಳಿಗೆ ಸ್ವರ ಬರೆದಿಡುವುದಿಲ್ಲ. ಜನಕ್ಕೆ ಗೊತ್ತಿರುವ ಯಾವುದಾದರೂ ಹಾಡಿನ ಧಾಟಿಗೆ ಕೂರಿಸಿ, ಮೇಲುಗಡೆ ಇಂಥ ಹಾಡಿನ ಮಟ್ಟು ಎಂದು ಬರೆಯುತ್ತಾರೆ. ಅಳುವ ಹಾಡಿನ ಮೇಲೆ ಹಾಗೆ ಬರೆದಿತ್ತು. ಬೇರೆ ಎಲ್ಲದರ ಮೇಲೂ ಬರೆದಿತ್ತು. ಸುನಂದಕ್ಕನ ಹಾಡಿನ ಮೇಲೆ ಮೇಷ್ಟ್ರು ಎರಡೇ ಪದ ಬರೆದಿದ್ದರು: "ಹೊಸ ಮಟ್ಟು."

ಸುನಂದಕ್ಕ ಆ ಎರಡು ಪದಗಳ ಮೇಲೆ ಬೆರಳಾಡಿಸಿದರು.

"ಯಾರಾದ್ರೂ ಕೇಳಿರ್ತಾರಲ್ಲಾ ಅಕ್ಕಾ," ಎಂದೆ ನಾನು. "ಆಗ ನಿಮ್ಮನೇಗೆ ಪ್ರಾಕ್ಟೀಸಿಗೆ ಬರ್ತಿದ್ರಲ್ಲ, ಅವ್ರು?" ಈ ಮಾತು ಆಡಬಾರದಿತ್ತೇನೋ. ನನಗೆ ಹೊಳೆದದ್ದು ಅಷ್ಟೇ.

ಅವರು ಬೇಡ ಎನ್ನಲಿಲ್ಲ. ನಂಬರ್ ಹುಡುಕುವುದು ಕಷ್ಟವಾಗಲಿಲ್ಲ. ಮುರಳಿಮೋಹನ್ ಈಗ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದಾರೆ. ಆವನಿ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಸ್ಪೀಕರ್ ಹಾಕಿದೆ.

"ಸುನಂದಾನಾ! ಅಯ್ಯೋ, ಎಷ್ಟ್ ವರ್ಷ ಆಯ್ತು! ಹೆಂಗಿದ್ದೀರಾ?" ದನಿಯಲ್ಲಿ ನಿಜವಾದ ಸಂತೋಷವಿತ್ತು.

"ಚೆನ್ನಾಗಿದೀನಿ. ಒಂದು ಕೇಳ್ಬೇಕಿತ್ತು. ಮಂದಾರವಲ್ಲಿ ಕೊನೇ ಹಾಡು ನಮ್ಮನೇಲಿ ಪ್ರಾಕ್ಟೀಸ್ ಮಾಡ್ತಿದ್ವಲ್ಲಾ. ಧಾಟಿ ನೆನಪಿದ್ಯಾ ನಿಮ್ಗೆ?"

"ನೆನಪಿಲ್ದೆ ಏನ್ರೀ? ಅದನ್ನ ಮರೆಯಾಕಾಗ್ತದಾ? ನನ್ನ ಮಗಳ್ಗೂ ಹೇಳ್ಕೊಟ್ಟಿದೀನಿ. ಕೇಳಿ..." ಎಂದು ಗಂಟಲು ಸರಿಮಾಡಿಕೊಂಡರು. ಆಮೇಲೆ ಮಂಡಿಯ ಗದ್ದಲದ ನಡುವೆಯೇ ದೊಡ್ಡ ದನಿಯಲ್ಲಿ, "ಕೆರೆಯೇ, ನನ್ನವಳ ತಿರುಗಿ ಕೊಡು..."

ಸುನಂದಕ್ಕ ಪೂರ್ತಿ ಕೇಳಿದರು. ನಡುವೆ ತಡೆಯಲಿಲ್ಲ.

"ಇದೇ ಅಲ್ವಾ?" ಎಂದರು ಅವರು.

"ಹ್ಞೂಂ. ಇದೇ," ಎಂದರು ಇವರು. ಫೋನು ನನ್ನ ಕೈಗೆ ಕೊಟ್ಟರು.

ನಮ್ಮೂರಿನ ಕೀಬೋರ್ಡ್ ಹುಡುಗ ಕಾಂತರಾಜ್ ಹೊಸ ಧಾಟಿ ಹಾಕಿಕೊಡುತ್ತೇನೆ ಎಂದ. ಒಳ್ಳೆಯ ಹುಡುಗ, ನಾಲ್ಕು ಥರ ಹಾಕಿ ತೋರಿಸಿದ. "ಚೆನ್ನಾಗೈತಪ್ಪಾ," ಎಂದರು ಸುನಂದಕ್ಕ ನಾಲ್ಕಕ್ಕೂ. ಅವನು ಹೋದ ಮೇಲೆ ನನಗೆ ಹೇಳಿದರು: "ಶ್ರೀವಾಣಿಗೆ ಹೇಳ್ಬಿಡು. ಆ ಹಾಡಿಲ್ಲ. ಯಾವಾಗ್ಲೂ ಹೆಂಗೆ ಬೀಳ್ತಿದ್ಲೋ ಹಂಗೇ ಬೀಳ್ಲಿ."

"ಅಕ್ಕಾ, ಇನ್ನೂ ಹತ್ತು ದಿನ ಇದೆ. ನೆನಪಾಗ್ಬೋದು."

"ಇಪ್ಪತ್ತೈದು ವರ್ಷ ಹೆಣ ಆಗಿ ಮಲ್ಕೊಂಡು ಒಂದೇ ಹಾಡು ಕೇಳಿದೀನಿ ಕಣೇ. ಕಿವಿ ತುಂಬಾ ಅದೇ ಐತೆ. ನಂದು ಎಲ್ಲಿ ಉಳೀತದೆ?"

ನಾ ಹಾಡಲ್ಲ ಅಂತ ನರೇಶ್ ಗೋಳಾಡಿದ. ಯಾರೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ನಾಟಕ ನಡೆಯಿತು. ಶಾಮಿಯಾನದ ಕೆಳಗೆ ಬಿಸಿಲಿನ ಧಗೆ, ಜನ ಮಾತ್ರ ಚೆನ್ನಾಗಿ ಸೇರಿದ್ದರು. ಕೊನೆಯ ಸೀನಿನಲ್ಲಿ ಶ್ರೀವಾಣಿ ಬಿದ್ದಳು, ಬಕೆಟ್ಟಿಗೆ ಕಲ್ಲು ಸರಿಯಾದ ಹೊತ್ತಿಗೇ ಬಿತ್ತು. ತಾಯಿ ಪಾತ್ರದ ಸುನಂದಕ್ಕ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನರೇಶ್ ಓಡಿ ಬಂದು ಶುರುಮಾಡಿದ. ಮೊದಲ ಸಾಲು ಹೇಗೋ ಮುಗಿಯಿತು. ಎರಡನೆಯ ಸಾಲಿನಲ್ಲಿ ದನಿ ಒಡೆಯಿತು. ಮತ್ತೆ ಹಿಡಿಯಲು ಹೋದ, ಬರೀ ಗಾಳಿ ಬಂತು. ಜನ "ಹೋ" ಎಂದು ಶುರುಮಾಡಿದರು. ಪೆದ್ದಪ್ಪ ಹಾರ ಹಿಡಿದುಕೊಂಡು ಮೆಟ್ಟಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು. ಕಾಂತರಾಜ್ ಅದೇ ಜಾಗವನ್ನು ಸುತ್ತಿ ಸುತ್ತಿ ನುಡಿಸುತ್ತಿದ್ದ.

ಸುನಂದಕ್ಕ ಹಾಡಿಗೆ ಕೈ ಹಾಕಿದರು. ಕೂತಲ್ಲಿಂದಲೇ, ಸತ್ತವಳ ಹಣೆ ಸವರುತ್ತಾ, "ಕೆರೆಯೇ, ನನ್ನವಳ ತಿರುಗಿ ಕೊಡು" ಎಂದು. ತಾಯಿ ಹಾಡಿದರೂ ಮಾತು ಸರಿಯಾಗಿಯೇ ಕೂರುತ್ತಿತ್ತು. ಐವತ್ತು ದಾಟಿದ ಗಂಟಲು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ, ಒಂದು ತಿರುವೂ ತಪ್ಪಲಿಲ್ಲ. ಮುಗಿದಾಗ ಶಾಮಿಯಾನ ಹಾರಿಹೋಗುವ ಹಾಗೆ ಒನ್ಸ್ ಮೋರ್. ಮೊದಲ ಶಿಳ್ಳೆ ನನ್ನದೇ. ಬೆರಳು ಬಾಯಿಂದ ತೆಗೆದ ಮೇಲೆ ಅವರ ಮುಖ ನೋಡಿದೆ. ಅವರು ಜನರನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಕಾಂತರಾಜ್ ಮತ್ತೆ ಶ್ರುತಿ ಕೊಟ್ಟ. ಅವರು ಮತ್ತೆ ಮೊದಲಿನಿಂದ ಹಾಡಿದರು. ಪೆದ್ದಪ್ಪ ಆ ಹಾರವನ್ನು ಮಗನಿಗೆ ಹಾಕದೆ ಅವರ ಕೊರಳಿಗೇ ಹಾಕಿದರು.

ಸಂಜೆ ಬಸ್ಸಿನಲ್ಲಿ ಅವರ ಜೊತೆ ಮುಳಬಾಗಿಲಿನವರೆಗೂ ಹೋದೆ. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ಹಾರವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಎಷ್ಟು ಸಲೀಸಾಗಿ ಬಂತು ನೋಡೇ," ಎಂದರು. "ಒಂದಿನಾನೂ ಕಲೀಲಿಲ್ಲ ಅದನ್ನ."

ಹಿಂದಿನ ಸೀಟಿನವರು ಬಗ್ಗಿ, "ಅಮ್ಮಾ, ನೀವೇ ಅಲ್ವಾ ಹಾಡಿದ್ದು? ಮುಂದಿನ ತಿಂಗ್ಳು ನಮ್ಮೂರಾಗೂ ನಾಟ್ಕ ಐತೆ, ಆ ಹಾಡಿಗೇ ಅಂತ ಬರ್ತೀರಾ?" ಎಂದು ಕೇಳಿದರು.

ಸುನಂದಕ್ಕ ತಿರುಗಿ ನೋಡಿ, ಯಾವ ಊರು ಎಂದು ವಿಚಾರಿಸಿ, "ಬರ್ತೀನಿ" ಎಂದರು.